ಮೂರು ಸೂರ್ಯ, ಒಂದು ಹೂಂ

ಒಂದು ಊರಂತೆ, ಆ ಊರಿಗೆ ಆಕಾಶವೇ ಇರಲಿಲ್ಲವಂತೆ. ಮೇಲೆ ನೋಡಿದರೆ ಬಂಡೆ, ಪಕ್ಕಕ್ಕೆ ನೋಡಿದರೆ ಬಂಡೆ. ಬೆಳಗಾಯಿತು ಅನ್ನೋದಕ್ಕೆ ಕೋಳಿ ಕೂಗುತ್ತಿರಲಿಲ್ಲ, ಸೈರನ್ ಕೂಗುತ್ತಿತ್ತು. ಸಂಜೆಯಾಯಿತು ಅನ್ನೋದಕ್ಕೂ ಅದೇ ಸೈರನ್. ಆ ಊರಿನ ಜನ ಸೂರ್ಯನನ್ನು ಒಂದು ಪೆಟ್ಟಿಗೆಯೊಳಗಿಟ್ಟು, ಪೆಟ್ಟಿಗೆಗೆ ಒಂದು ಹಿಡಿಕೆ ಹಾಕಿ, ದಿನಾ ಸರದಿಯಲ್ಲಿ ನಿಂತು ಎಳೆಯುತ್ತಿದ್ದರಂತೆ.

ಅಲಮೇಲುವಿನ ಅಜ್ಜಿ ಬದುಕಿದ್ದಿದ್ದರೆ ಈ ಕಥೆಯನ್ನು ಹೀಗೇ ಶುರು ಮಾಡುತ್ತಿದ್ದಳು. ಎರಡು ಮಾತು ಆಡುವಷ್ಟರಲ್ಲಿ ನಿಲ್ಲಿಸಿ, "ಎಲ್ರೇ, ಹೂಂ ಅನ್ನೋರು ಯಾರೂ ಇಲ್ವಾ?" ಎಂದು ಗದರುತ್ತಲೂ ಇದ್ದಳು. ಹೂಂಗುಟ್ಟುವವರಿಲ್ಲದ ಕಡೆ ಕಥೆ ದಾರಿ ತಪ್ಪಿ ಬೇರೆಯವರ ಮನೆ ಸೇರುತ್ತದೆ ಎಂದು ಅವಳು ನಂಬಿದ್ದಳು. ಅಲಮೇಲು ಮತ್ತು ಅಕ್ಕ ರೇವತಿ ಒಂದೇ ಕಂಬಳಿಯೊಳಗೆ ಹೂಂಗುಟ್ಟುತ್ತಲೇ ಬೆಳೆದವರು. ನಿದ್ದೆಯಲ್ಲೂ ರೇವತಿಯ ಗಂಟಲಿನಿಂದ ಒಂದು ಹೂಂ ಹೊರಡುತ್ತಿತ್ತು.

ಮೇಲೆ ಬಿಸಿಲು ಕೆಂಡವಾದ ವರ್ಷ, ಕೋಲಾರದ ಕಡೆಯ ಹಳೇ ಚಿನ್ನದ ಗಣಿಯೊಂದರ ಸುರಂಗಗಳಿಗೆ ಜನ ಇಳಿದಿದ್ದರು. ಒಂದೆರಡು ಬೇಸಿಗೆ ಕಳೆದು ಹೋಗೋಣ ಎಂದುಕೊಂಡು ಇಳಿದವರು ಅಲ್ಲೇ ಮದುವೆಯಾದರು, ಅಲ್ಲೇ ಹೆತ್ತರು. ಅದು ಕೆಳಪೇಟೆಯಾಯಿತು. ಆಮೇಲೆ ಬೆಟ್ಟದ ನೆತ್ತಿಯ ಮೇಲೆ ಒಂದಿಷ್ಟು ತಂಪು ಮರಳಿತು, ಮರ ಚಿಗುರಿದವು, ಮೇಲೂರು ಹುಟ್ಟಿತು. ಆದರೆ ಅಲ್ಲಿ ನೀರು ಕಡಿಮೆ, ಜಾಗ ಕಡಿಮೆ. ಯಾರು ಹೋಗಬೇಕು? ಚೀಟಿ ಎತ್ತಿದರೆ ಎತ್ತಿದ ಕೈಯ ಮೇಲೇ ಅನುಮಾನ, ಹೊಡೆದಾಟ. ಕೊನೆಗೆ, ಮುಚ್ಚಿಹೋದ ಯಾವುದೋ ಜೂಜಿನ ಹಡಗಿನಿಂದ ಬಿಚ್ಚಿ ತಂದ ಯಂತ್ರವೊಂದನ್ನು ಪೇಟೆಯ ನಡುವಿನ ಹಜಾರದಲ್ಲಿ ನಿಲ್ಲಿಸಿದರು. ಯಂತ್ರಕ್ಕೆ ನೆಂಟರಿಲ್ಲ, ಅದು ಯಾರ ಪರವಾಗಿಯೂ ಸುಳ್ಳು ಹೇಳುವುದಿಲ್ಲ, ಅಂದುಕೊಂಡರು.

ಹಿಡಿಕೆ ಎಳೆದರೆ ಮೂರು ಗಾಲಿ ತಿರುಗುತ್ತವೆ. ನಿಜ ಹೇಳಬೇಕೆಂದರೆ ಗಾಲಿಗಳು ಬರೀ ತೋರಿಕೆ. ಹಿಡಿಕೆ ಕೆಳಗೆ ಬಂದ ಕ್ಷಣದಲ್ಲೇ ಒಳಗಿನ ಕಂಪ್ಯೂಟರ್ ಚಿಪ್ ಸೋಲೋ ಗೆಲುವೋ ತೀರ್ಮಾನಿಸಿಬಿಟ್ಟಿರುತ್ತದೆ. ಮದುವೆ ನಿಶ್ಚಯವಾದ ಮೇಲೆ ಹೆಣ್ಣು ನೋಡೋ ಶಾಸ್ತ್ರ ಮಾಡಿದ ಹಾಗೆ, ಗಾಲಿಗಳು ಸುಮ್ಮನೆ ಸುತ್ತಿ ನಿಲ್ಲುತ್ತವೆ. ಎರಡು ಎಲೆ ಬಂದರೆ ಕೆಳಗಿನ ತಟ್ಟೆಗೆ ಮೇಲೂರಿನ ಒಂದು ನಿಂಬೆಹಣ್ಣು ಬೀಳುತ್ತದೆ. ಮೂರು ಎಲೆಗೆ ಸೀಬೆಹಣ್ಣು. ಇಂಥ ಚಿಲ್ಲರೆ ಗೆಲುವನ್ನು ಯಂತ್ರ ತಾನೇ ಕೊಡುತ್ತದೆ, ಯಾರನ್ನೂ ಕೇಳುವುದಿಲ್ಲ.

ಮೂರು ಸೂರ್ಯ ಬಂದರೆ ಮಾತ್ರ ಬೇರೆ. ಅದು ತಟ್ಟೆಗೆ ಬೀಳುವಂಥದ್ದಲ್ಲ. ಆಗ ಯಂತ್ರ ಗರ ಬಡಿದ ಹಾಗೆ ನಿಂತುಬಿಡುತ್ತದೆ. ನೆತ್ತಿಯ ದೀಪ ಹತ್ತಿಕೊಳ್ಳುತ್ತದೆ. ಗೆದ್ದವರನ್ನು ಯಾರೂ ಎಳೆದುಹಾಕಬಾರದೆಂದು ಕುರ್ಚಿಯ ಸಲಾಕೆ ತೊಡೆಯ ಮೇಲೆ ಬಂದು ಕೂರುತ್ತದೆ. ಗೆದ್ದವರ ಅಂಗೈ ಗಾಜಿನ ಹಲಗೆಯ ಮೇಲೇ ಇರಬೇಕು, ಎತ್ತಿದರೆ ಗೆಲುವು ಹೋಯಿತು. ಯಂತ್ರದ ಪಕ್ಕೆಯಲ್ಲೊಂದು ಕೀಲಿಯ ತೂತಿದೆ. ಬಲಕ್ಕೆ ತಿರುಗಿಸಿದರೆ ಕೊಟ್ಟ ಹಾಗೆ. ಗೆದ್ದವರು ಗಣಿಬಾವಿಯ ಲಿಫ್ಟಾದ ಕೇಜ್ ಹತ್ತಿ ಮೇಲೆ ಹೋಗಬಹುದು, ಮಡಿಲಲ್ಲೊಂದು ಮಗುವಿದ್ದರೆ ಅದೂ. ಮೇಲಿನ ಬಾಗಿಲು ಈ ಕೀಲಿಯ ಮಾತನ್ನು ಮಾತ್ರ ಕೇಳುತ್ತದೆ, ಮೇಲೂರಿನವರು ಬೇಡವೆಂದರೂ ತೆರೆದುಕೊಳ್ಳುತ್ತದೆ. ಎಡಕ್ಕೆ ತಿರುಗಿಸಿದರೆ ಗೆಲುವು ಯಂತ್ರದ ಹೊಟ್ಟೆಗೇ ವಾಪಸ್ಸು. ಯಾವ ಕಡೆ ತಿರುಗುತ್ತದೆ ಅನ್ನೋದು ಮಾತ್ರ ಕೀಲಿ ಹಿಡಿದವಳ ಕೈಯಲ್ಲಿಲ್ಲ. ಕಂಟ್ರೋಲ್ ರೂಮಿನ ಮುಖ್ಯಸ್ಥ ಒಪ್ಪಿಗೆ ಎಂದರೆ ಬಲಕ್ಕೆ, ಗೆದ್ದವರೇ ಬಿಟ್ಟುಕೊಟ್ಟರೆ ಎಡಕ್ಕೆ.

ಆ ಕೀಲಿ ಇರುವುದು ಯಂತ್ರ ಕಾಯುವ ಅಲಮೇಲುವಿನ ಸೊಂಟದಲ್ಲಿ. ಅದು ಇದುವರೆಗೆ ಬಲಕ್ಕೆ ತಿರುಗಿದ್ದನ್ನು ಅವಳು ಕಂಡಿಲ್ಲ.

ಆ ದಿನ ಬೆಳಗಿನ ಸೈರನ್ ಆದ ಸ್ವಲ್ಪ ಹೊತ್ತಿಗೆ ರೇವತಿ ಹಿಡಿಕೆ ಎಳೆದಳು. ಗಾಲಿಗಳು ಒಂದೊಂದಾಗಿ ನಿಂತವು. ಸೂರ್ಯ. ಸೂರ್ಯ. ಮೂರನೆಯದು ಅರೆಮನಸ್ಸಿನಲ್ಲಿ ಕುಲುಕಾಡಿ, ಆಮೇಲೆ ಸೂರ್ಯ.

"ಅಲಮೂ..." ಎಂದಳು ರೇವತಿ. ಸಲಾಕೆ ಆಗಲೇ ತೊಡೆಯ ಮೇಲೆ ಬಂದಿತ್ತು.

"ಕೈ ಎತ್ತಬೇಡ ಅಕ್ಕ! ಕೈ ಎತ್ತಬೇಡ, ಹೂಂ ಅನ್ನಬೇಡ. ಏನು ಕೇಳಿದ್ರೂ, ಯಾರು ಕೇಳಿದ್ರೂ ಹೂಂ ಅನ್ನಬೇಡ."

ಹಜಾರದಲ್ಲಿದ್ದ ಎಲ್ಲರಿಗೂ ಆ ಎಚ್ಚರಿಕೆ ಅರ್ಥವಾಯಿತು. ಹಿಂದೆ ಬಚ್ಚಪ್ಪ ಅನ್ನುವವನಿಗೆ ಮೂರು ಸೂರ್ಯ ಬಂದಿತ್ತು. ಸಲಾಕೆಯೊಳಗೆ ಕೂತವನ ಹತ್ತಿರ ಹೆಂಡತಿ ಬಂದು, "ಮಕ್ಕಳು ಊಟ ಮಾಡಿದ್ರು ಕಣ್ರೀ," ಎಂದಳು. ಅದೇ ಗಳಿಗೆಗೆ ಯಂತ್ರ, "ಗೆಲುವನ್ನು ಬಿಟ್ಟುಕೊಡುತ್ತೀರಾ?" ಎಂದು ಕೇಳಿತು. ಬಚ್ಚಪ್ಪ ಹೆಂಡತಿಗೆ "ಹೂಂ" ಎಂದ. ಮುಗಿಯಿತು. ಅವತ್ತಿನಿಂದ ಅವನು ಯಾರಿಗೂ ಹೂಂ ಅನ್ನುವುದಿಲ್ಲ, ಬರೀ ತಲೆ ಆಡಿಸುತ್ತಾನೆ.

ದೀಪ ಉರಿಯುವಷ್ಟು ಕಾಲ ಯಂತ್ರ ಬಿಡುವು ಕೊಟ್ಟು ಬಿಡುವು ಕೊಟ್ಟು ಎರಡು ಪ್ರಶ್ನೆ ಕೇಳುತ್ತಲೇ ಇರುತ್ತದೆ. ಗೆದ್ದವರಿಗೆ, "ಬಿಟ್ಟುಕೊಡುತ್ತೀರಾ?" ಕಂಟ್ರೋಲ್ ರೂಮಿಗೆ, "ಒಪ್ಪಿಗೆ ಇದೆಯೇ?" ಎರಡೂ ಕಡೆಯ ಮೈಕು ತೆರೆದೇ ಇರುತ್ತದೆ, ಒಂದು ಕಡೆಯ ಮಾತು ಇನ್ನೊಂದು ಕಡೆಯ ಸ್ಪೀಕರಿನಲ್ಲಿ ಕೇಳಿಸುತ್ತದೆ, ಮುಚ್ಚುವ ಗುಂಡಿಯೇ ಇಲ್ಲ. ಯಾರೂ ಗುಟ್ಟಾಗಿ ಮಾತಾಡಿಕೊಳ್ಳಬಾರದೆಂದು ಹಾಗೆ ಮಾಡಿದ್ದರು.

ಹಾಗಾಗಿ ಮೂರು ಸೂರ್ಯ ಬಂದ ದಿನ ಕಂಟ್ರೋಲ್ ರೂಮಿನಲ್ಲಿ ಮೌನವ್ರತ. ಅಲಮೇಲು ಏದುಸಿರು ಬಿಡುತ್ತಾ ಬಾಗಿಲು ತಳ್ಳಿದಾಗ, ಮುಖ್ಯಸ್ಥ ಗಂಗುಲಪ್ಪನವರು ಬಾಯಿಗೆ ಲವಂಗ ಹಾಕಿಕೊಂಡು, ತುಟಿ ಬಿಗಿದು ಕೂತಿದ್ದರು. ಪರದೆಗಳ ಮುಂದಿದ್ದ ಸೆಲ್ವಿ ಅವಳನ್ನು ನೋಡಿ, ಬಾಯಿಗೆ ಬೀಗ ಹಾಕಿದ ಹಾಗೆ ಬೆರಳು ತಿರುಗಿಸಿ ತೋರಿಸಿದಳು. ಗಂಗುಲಪ್ಪನವರು ಎದ್ದು ಬಂದು, ಅಲಮೇಲುವನ್ನು ಓಣಿಗೆ ಕರೆದೊಯ್ದು, ಬಾಗಿಲು ಭದ್ರ ಮಾಡಿಕೊಂಡ ಮೇಲೇ ಮಾತಾಡಿದರು.

"ನಿಮ್ಮಕ್ಕನಾ?"

"ಹೌದು ಸಾರ್. ಅವಳ ಮಗು ಚುಕ್ಕಿ, ನೀವು ನೋಡಿದ್ದೀರಲ್ಲ. ನಡೆಯೋ ವಯಸ್ಸು ದಾಟ್ತು, ಕಾಲು ಬಿಲ್ಲಿನ ಥರ ಬಾಗಿದೆ. ಆಸ್ಪತ್ರೆಯ ಬಿಸಿಲು ದೀಪ ಕೆಟ್ಟು ಎಷ್ಟು ಕಾಲವಾಯ್ತು, ಹೊಸಾ ಬಲ್ಬು ಎಲ್ಲಿಂದ ಬರಬೇಕು? ನಿಜವಾದ ಬಿಸಿಲು ಬಿದ್ರೆ ಮೂಳೆ ಗಟ್ಟಿಯಾಗತ್ತೆ ಅಂತಾರೆ ಡಾಕ್ಟ್ರು. ಇನ್ನೂ ತಡ ಆದ್ರೆ ಆಗಲ್ಲವಂತೆ. ಒಂದು ಮಾತು ಒಪ್ಪಿಗೆ ಅಂದ್ಬಿಡಿ ಸಾರ್."

"ನೋಡೋಣ."

"ಏನು ನೋಡೋದು ಸಾರ್? ಬಂದಿರೋದು ಮೂರು ಸೂರ್ಯ. ಚಿಪ್ಪಿನ ಲೆಕ್ಕಾನೂ ಸರಿ ಇದೆ, ಸೆಲ್ವಿ ಪರದೆ ಮೇಲೆ ಕಾಣಿಸ್ತಿದೆ."

"ಮೇಲೆ ಜಾಗ ಇಲ್ಲಮ್ಮ. ಕಳಿಸಬೇಡಿ ಅಂತ ಹೇಳಿ ಕಳಿಸಿದ್ದಾರೆ."

"ಹಾಗಾದ್ರೆ ಇಲ್ಲ ಅಂದ್ಬಿಡಿ. ಎಲ್ರಿಗೂ ಕೇಳಿಸೋ ಹಾಗೆ."

ಗಂಗುಲಪ್ಪನವರು ಓಣಿಯ ಗೋಡೆಯ ಕಡೆ ನೋಡಿದರು. "ಇಲ್ಲ ಅನ್ನೋಕೆ ನಾನ್ಯಾರಮ್ಮ? ಇಲ್ಲ ಅಂತ ನಾನು ಯಾವತ್ತೂ ಯಾರಿಗೂ ಅಂದಿಲ್ಲ." ಅವರ ದನಿಯಲ್ಲಿ ಅದೊಂದು ಹೆಚ್ಚುಗಾರಿಕೆ ಎಂಬಂತಿತ್ತು. "ನೋಡೋಣ. ನೀನು ಹೋಗು."

ಇದೇ ಅವರ ದಾರಿ ಅನ್ನೋದು ಅಲಮೇಲುವಿಗೆ ಹೊಳೆಯಿತು. ಇಲ್ಲ ಅಂದರೆ ಜನ ಅವರ ಹೆಸರು ಹಿಡಿದು ಬೈಯುತ್ತಾರೆ, ಹೌದು ಅಂದರೆ ಮೇಲಿನವರು ಬೈಯುತ್ತಾರೆ. ಸುಮ್ಮನೆ ಕೂತರೆ ಗೆದ್ದವರೇ ಸುಸ್ತಾಗಿ, ತೂಕಡಿಸಿ, ಕೈ ಜಾರಿಸುತ್ತಾರೆ. ಯಾರ ಬಾಯಿಯೂ ಕೆಡುವುದಿಲ್ಲ. ಸಲಾಕೆಯೊಳಗೆ ಕೂತಿರುವುದು ಅಕ್ಕ ಒಬ್ಬಳೇ ಅಲ್ಲ, ಈ ಮನುಷ್ಯನೂ ಒಂದು ಸಲಾಕೆಯೊಳಗೇ ಕೂತಿದ್ದಾನೆ, ಎನಿಸಿತು. ಆದರೆ ಅವರ ತೊಡೆಯ ಮೇಲಿನದು ಕಾಣುವುದಿಲ್ಲ.

ಹಿಂದೆಯೇ ಬಂದ ಸೆಲ್ವಿ ಓಣಿಯ ತಿರುವಿನಲ್ಲಿ ಅವಳ ತೋಳು ಹಿಡಿದಳು. "ಅತ್ಕೊಂಡು ಕೂರಬೇಡ ಕಣೇ. ಮೊದ್ಲು ಅಕ್ಕನ ಹೊಟ್ಟೆಗೇನಾದ್ರೂ ಹಾಕು. ನಮ್ಮ ಸಾಹೇಬ್ರು ಆ ಕುರ್ಚಿ ಬಿಟ್ಟು ಏಳಲ್ಲ, ಬಾಯಿನೂ ಬಿಡಲ್ಲ. ಆ ಯಂತ್ರಕ್ಕೆ ಕನ್ನಡ ಕಲಿಸಿದವರೇ ಅವರು, ಗೊತ್ತಾ? ವಯಸ್ಸಲ್ಲಿದ್ದಾಗ. ನಮ್ಮ ಜನ ಹೌದು ಅನ್ನಲ್ಲ, ಹೂಂ ಅಂತಾರೆ, ಅದನ್ನೂ ಒಪ್ಪಿಗೆ ಅಂತ ಸೇರಿಸ್ಕೋ ಅಂತ ತಾವೇ ಮೈಕ್ ಮುಂದೆ ಕೂತು ಹೂಂ ಹೂಂ ಅಂತ ಕಲಿಸಿದ್ರಂತೆ. ಈಗ ಅದಕ್ಕೇ ಹೆದರ್ಕೊಂಡು ಲವಂಗ ಕಚ್ಚಿಕೊಂಡಿದ್ದಾರೆ."

ಮನೆಯೆಂದರೆ ಸುರಂಗದ ಪಕ್ಕೆಯಲ್ಲಿ ಕೊರೆದ ಒಂದು ಗೂಡು. ಚುಕ್ಕಿ ಬಾಗಿಲಲ್ಲೇ ಕೂತು, ನಿಂಬೆಹಣ್ಣಿನ ಒಣಸಿಪ್ಪೆಯೊಂದನ್ನು ಮೂಸುತ್ತಿದ್ದಳು. ಅದು ಅವಳ ಆಟದ ಸಾಮಾನು. "ಚಿಕ್ಕಮ್ಮಾ, ಅಮ್ಮ?" ಎಂದಳು.

"ಅಮ್ಮ ಸೂರ್ಯನ್ನ ಹಿಡ್ಕೊಂಡು ಕೂತಿದ್ದಾಳೆ. ಬಿಟ್ರೆ ಓಡಿಹೋಗ್ತಾನೆ."

"ಕಚ್ತಾನಾ?"

"ಕಚ್ಚಲ್ಲ. ನೆಕ್ತಾನೆ, ಬೆಚ್ಚಗೆ."

ಮಗು ನಕ್ಕಿತು. ಅಲಮೇಲು ರಾಗಿಮುದ್ದೆ ತಿರುವಿದಳು. ಚುಕ್ಕಿಯ ಕಾಲಿಗೆ ಎಣ್ಣೆ ಹಚ್ಚಿದಳು. ಹಚ್ಚುವಾಗ ಅಜ್ಜಿ ನೆನಪಾದಳು. ಚುಕ್ಕಿ ಹುಟ್ಟಿದ ದಿನ ಅಜ್ಜಿ ಹಾಸಿಗೆ ಹಿಡಿದಿದ್ದಳು. ಎಲ್ಲಿದ್ದೇನೆ ಅನ್ನೋದೇ ಮರೆತಿತ್ತೋ, ಮರೆತಿರಲಿಲ್ಲವೋ, "ಮಗೂಗೆ ಎಣ್ಣೆ ಹಚ್ಚಿ ಎಳೆಬಿಸಿಲಲ್ಲಿ ಮಲಗಿಸ್ರೇ. ಮರೀಬೇಡಿ," ಎಂದಿದ್ದಳು. ರೇವತಿ ಹೆರಿಗೆಯ ನೋವಿನಲ್ಲಿ ಮಂಪರಾಗಿದ್ದಳು. ಮಗುವಿನ ತಂದೆ ಅದಕ್ಕೂ ಮುಂಚೆ ಪಂಪಿನ ಸುರಂಗದಲ್ಲಿ ಬಂಡೆ ಸಿಡಿದು ತೀರಿಹೋಗಿದ್ದ. ಹಾಗಾಗಿ ಉತ್ತರ ಕೊಟ್ಟವಳು ಅಲಮೇಲು. "ಹೂಂ ಅಜ್ಜಿ," ಎಂದಿದ್ದಳು. ಅಷ್ಟು ಕೇಳಿಸಿಕೊಂಡೇ ಅಜ್ಜಿ ಕಣ್ಣು ಮುಚ್ಚಿದ್ದು. ಬಿಸಿಲೇ ಇಲ್ಲದ ಊರಲ್ಲಿ ಅಂದ ಆ ಹೂಂ, ಅಂದಿನಿಂದ ಅವಳ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಮಗುವನ್ನು ಸೊಂಟಕ್ಕೇರಿಸಿಕೊಂಡು, ಬುತ್ತಿ ಹಿಡಿದು ಹಜಾರಕ್ಕೆ ಬಂದಾಗ ರೇವತಿಯ ತಲೆ ಜೋಲುತ್ತಿತ್ತು. ಹಿಂದಿನ ಪಾಳಿಯಲ್ಲಿ, ಸುರಂಗಕ್ಕೆ ಗಾಳಿ ಊದುವ ದೊಡ್ಡ ಫ್ಯಾನಿನ ಗಾಲಿ ತುಳಿದು ಬಂದವಳು. ಸುತ್ತಲೂ ಜನ ಗುಂಪುಗೂಡಿದ್ದರು. ಎಲ್ಲರಿಗೂ ಅವಳು ಗೆಲ್ಲಬೇಕು ಅನ್ನೋ ಆಸೆ. ಅವಳು ಸೋತರೆ ಆ ಸೂರ್ಯ ತಮಗೇ ಉಳಿಯುತ್ತಾನಲ್ಲ ಅನ್ನೋದೂ ಹೊಳೆದು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ಗೆಲುವನ್ನು ಬಿಟ್ಟುಕೊಡುತ್ತೀರಾ?" ಎಂದಿತು ಯಂತ್ರ.

ರೇವತಿ ಬೆಚ್ಚಿ ತಲೆ ಎತ್ತಿದಳು, ತುಟಿ ಬಿಗಿದಳು.

"ಒಪ್ಪಿಗೆ ಇದೆಯೇ?"

ಕಂಟ್ರೋಲ್ ರೂಮಿನಿಂದ ಲವಂಗ ಅಗಿಯುವ ಸದ್ದೂ ಇಲ್ಲ.

ಅಲಮೇಲು ತುತ್ತು ಮಾಡಿ ತಿನ್ನಿಸಿದಳು. ಹೊಟ್ಟೆ ತುಂಬಿದ್ದೇ ತಡ ನಿದ್ದೆ ಇನ್ನಷ್ಟು ಒತ್ತಿಕೊಂಡು ಬಂತು. ನೀರು ಚಿಮುಕಿಸಿದಳು, ಕಿವಿ ಹಿಂಡಿದಳು. ರೇವತಿಯ ಅಂಗೈ ಗಾಜಿನ ಮೇಲೆ ಬೆವರಿ ಜಾರುತ್ತಿತ್ತು. ಬೇರೆಯವರು ಆ ಕೈ ಮುಟ್ಟುವಂತಿಲ್ಲ, ಮುಟ್ಟಿದರೆ ಯಂತ್ರಕ್ಕೆ ಗೊತ್ತಾಗುತ್ತದೆ.

"ಅಲಮು, ನಂಗಾಗಲ್ಲ ಕಣೇ. ಒಂದು ಕಥೆ ಹೇಳೇ. ಕಥೆ ಹೇಳಿದ್ರೆ ಎಚ್ಚರ ಇರ್ತೀನಿ."

"ಕಥೆ ಹೇಳಿದ್ರೆ ನೀನು ಹೂಂ ಅಂತೀಯ!"

"ಅನ್ನಲ್ಲ. ಕಾಲಲ್ಲಿ ನೆಲ ಕುಟ್ತೀನಿ. ಹೂಂ ಬದಲು."

ಬೇರೆ ದಾರಿ ಕಾಣಲಿಲ್ಲ. ಅಲಮೇಲು ಚುಕ್ಕಿಯನ್ನು ಅಕ್ಕನ ಮಡಿಲಲ್ಲಿ ಕೂರಿಸಿ, ತಾನು ಕುರ್ಚಿಯ ಪಕ್ಕ ಕೂತು ಶುರು ಮಾಡಿದಳು. "ಒಬ್ಬಳು ಕುಂಬಾರಗಿತ್ತಿ ಇದ್ದಳಂತೆ."

ದಪ್ ಎಂದಿತು ರೇವತಿಯ ಕಾಲು.

"ಮಡಕೆ ಮಾಡಿ ಒಣಗೋಕೆ ಇಡೋಳಂತೆ. ದಿನಾ ಬೆಳಿಗ್ಗೆ ಎಳೆಸೂರ್ಯ ಅವಳ ಬಾಗಿಲಿಂದ ಒಳಗೆ ಬಂದು, ಹಸೀ ಮಡಕೆಗಳ ಮೇಲೆ ಕೂತು, ಎದ್ದು ಹೋಗೋನಂತೆ. ಇವಳಿಗೆ ಆಸೆಯಾಯ್ತು. ಇವನು ಎಲ್ರ ಮನೆಗೂ ಯಾಕೆ ಹೋಗಬೇಕು? ನನ್ನ ಮನೇಲೇ ಇರಲಿ. ಒಂದಿನ ಅವನು ದೊಡ್ಡ ಮಡಕೆಯೊಳಕ್ಕೆ ಇಣುಕಿ ನೋಡ್ತಿದ್ದಾಗ, ಹಿಂದಿನಿಂದ ಬಂದು ಟಪ್ಪಂತ ಮುಚ್ಚಳ ಮುಚ್ಚಿಬಿಟ್ಟಳು."

ದಪ್. ಹಜಾರದಲ್ಲಿ ಇನ್ನೂ ನಾಲ್ಕಾರು ಕಾಲುಗಳು ದಪ್ ಎಂದವು. ಬಚ್ಚಪ್ಪ ತಲೆ ಆಡಿಸಿದ.

"ಊರೆಲ್ಲಾ ಕತ್ತಲು. ಒಗೆದ ಬಟ್ಟೆ ಒಣಗಲಿಲ್ಲ. ಕೋಳಿಗಳು ಗೂಡಿಂದ ಇಳೀಲಿಲ್ಲ. ಸೂರ್ಯಕಾಂತಿ ಹೂವಿಗೆ ಯಾವ ಕಡೆ ತಿರುಗಬೇಕು ಅಂತ ಮರೆತೇಹೋಯ್ತು. ಮಡಕೆಯೊಳಗಿಂದ ಸೂರ್ಯ ಕೇಳಿದನಂತೆ, ಬಿಡ್ತೀಯಾ ತಾಯಿ? ಕುಂಬಾರಗಿತ್ತಿ ಇಲ್ಲ ಅನ್ನಲಿಲ್ಲ. ಏನಂದಳು ಗೊತ್ತಾ? ನೋಡೋಣ, ಅಂದಳು."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಸ್ಪೀಕರಿನೊಳಗೆ ಕುರ್ಚಿಯೊಂದು ಕಿರ್ ಎಂದು ಮುಂದಕ್ಕೆ ಸರಿದ ಸದ್ದಾಯಿತು.

ಅಲಮೇಲುವಿನ ಬೆನ್ನು ನೆಟ್ಟಗಾಯಿತು. ಕೇಳುತ್ತಿದ್ದಾರೆ. ಬಾಯಿ ಕಟ್ಟಿಕೊಂಡವರು ಕಿವಿ ಕಟ್ಟಿಕೊಂಡಿಲ್ಲ.

ಅಲ್ಲಿಂದ ಮುಂದೆ ಅವಳು ಕಥೆಯನ್ನು ಅಕ್ಕನಿಗೆ ಮಾತ್ರ ಹೇಳಲಿಲ್ಲ. ಅವಸರ ಮಾಡಲಿಲ್ಲ. ಅಜ್ಜಿ ಮಾಡುತ್ತಿದ್ದ ಹಾಗೆ ದನಿ ತಗ್ಗಿಸಿದಳು, ಕಿವಿ ಹತ್ತಿರ ತಂದವರಿಗೆ ಮಾತ್ರ ಕೇಳುವಷ್ಟು. ದಿನ ಕಳೆದ ಹಾಗೆ ಸೂರ್ಯ ಕುಗ್ಗಿ ಬೋರೆಹಣ್ಣಿನಷ್ಟಾದ, ಆಮೇಲೆ ಹೆಸರುಕಾಳಿನಷ್ಟಾದ. ಅವನ ದನಿಯೂ ಕುಗ್ಗಿತು, ಬಿಡ್ತೀಯಾ ತಾಯಿ, ಬಿಡ್ತೀಯಾ ತಾಯಿ. ನೋಡೋಣ, ನೋಡೋಣ. ಕುಂಬಾರಗಿತ್ತಿಗೆ ತೊಟ್ಟಿಲಲ್ಲೊಂದು ಮಗುವಿತ್ತು. ಬೆಳಗಾದ ಮೇಲೆ ಎಬ್ಬಿಸೋಣ ಅಂತ ಅವಳು ಕಾದಳು. ಬೆಳಗೇ ಆಗಲಿಲ್ಲ. ಮಗು ಏಳಲೇ ಇಲ್ಲ. ಮುಟ್ಟಿ ನೋಡಿದರೆ ಹಸೀ ಮಡಕೆಯಷ್ಟು ತಣ್ಣಗೆ.

"ಒಪ್ಪಿಗೆ ಇದೆಯೇ?" ಎಂದಿತು ಯಂತ್ರ, ಕಥೆಯ ನಡುವೆ. ಯಾರೂ ಅತ್ತ ಗಮನ ಕೊಡಲಿಲ್ಲ.

"ಕುಂಬಾರಗಿತ್ತಿ ಓಡಿದಳು. ಮಡಕೆಯ ಮುಂದೆ ನಿಂತಳು. ತೆಗೆದರೆ ಅವನು ಓಡಿಹೋಗ್ತಾನೆ, ಊರೋರೆಲ್ಲಾ ಬಂದು, ಅಯ್ಯೋ ನೀನೇನಾ ಬಚ್ಚಿಟ್ಟಿದ್ದು ಅಂತ ಉಗೀತಾರೆ. ತೆಗೀದಿದ್ರೆ ಮಗು. ಮುಚ್ಚಳದ ಮೇಲೆ ಕೈ ಇಟ್ಟಳು..."

ಅಲಮೇಲು ನಿಲ್ಲಿಸಿದಳು. ಬೇಕೆಂದೇ ಅಲ್ಲ. ಅಜ್ಜಿ ಯಾವಾಗಲೂ ಇಲ್ಲಿಗೆ ಬರುವಷ್ಟರಲ್ಲಿ ನಿದ್ದೆ ಹೋಗಿಬಿಡುತ್ತಿದ್ದಳು. ಮುಂದಿನದು ಅಲಮೇಲುವಿಗೂ ಗೊತ್ತಿರಲಿಲ್ಲ, ರೇವತಿಗೂ ಗೊತ್ತಿರಲಿಲ್ಲ. ಕಾಲುಗಳೆಲ್ಲ ಸ್ತಬ್ಧ. ಯಂತ್ರದ ದೀಪ ಮಾತ್ರ ತಿರುಗುತ್ತಿತ್ತು.

ಸ್ಪೀಕರ್ ಗೊರ್ ಎಂದಿತು. ಒಬ್ಬ ಮನುಷ್ಯ ಗಂಟಲು ಸರಿಮಾಡಿಕೊಂಡ ಸದ್ದು. ಆಮೇಲೆ, ಬಹಳ ಸಣ್ಣದಾಗಿ, "ಆಮೇಲೆ?"

ಆಮೇಲೆ ಅನ್ನೋ ಮಾತು ಯಂತ್ರದ ಲೆಕ್ಕದಲ್ಲಿ ಹೌದೂ ಅಲ್ಲ, ಅಲ್ಲವೂ ಅಲ್ಲ. ಅದು ಸುಮ್ಮನಿತ್ತು.

ಅಲಮೇಲು ಎದ್ದು ನಿಂತಳು. ಸೊಂಟದ ಕೀಲಿಯನ್ನು ತೆಗೆದು ತೂತಿಗೆ ಸೇರಿಸಿದಳು. ಅದು ಎತ್ತಲೂ ಅಲುಗಲಿಲ್ಲ. ಎಡಗೈಯನ್ನು ಅಕ್ಕನ ಬಾಯಿಗೆ ಅಡ್ಡ ಇಟ್ಟಳು. ರೇವತಿಯ ಗಂಟಲಲ್ಲಿ ಹಳೇ ಅಭ್ಯಾಸ ಗುರುಗುಡುವುದು ಅವಳ ಅಂಗೈಗೆ ತಿಳಿಯುತ್ತಿತ್ತು.

"ಸಾರ್," ಎಂದಳು, ಸ್ಪೀಕರಿನ ಕಡೆ ತಿರುಗಿ. "ನಮ್ಮಜ್ಜಿ ಕಥೆ ಇದು. ಹೂಂ ಅನ್ನೋರಿಲ್ಲದೆ ಮುಂದೆ ಹೋಗಲ್ಲ. ನಮ್ಮಕ್ಕ ಅನ್ನೋ ಹಾಗಿಲ್ಲ, ಈ ಜನ ಅನ್ನಲ್ಲ. ಇನ್ಯಾರು ಅಂತಾರೋ ಅವರಿಗೆ ಹೇಳ್ತೀನಿ."

"ಗೆಲುವನ್ನು ಬಿಟ್ಟುಕೊಡುತ್ತೀರಾ?"

ರೇವತಿಯ ಬೆಚ್ಚನೆಯ ಉಸಿರು ಅಂಗೈಗೆ ಬಡಿಯಿತು. ಅಷ್ಟೇ.

"ಒಪ್ಪಿಗೆ ಇದೆಯೇ?"

ಮಡಿಲ ಮಗು ಚುಕ್ಕಿ, ಯಾರನ್ನೂ ಕೇಳದೆ, ಸ್ಪೀಕರಿನ ಕಡೆ ಕತ್ತೆತ್ತಿ, "ತಾತಾ, ಹೂಂ ಅನ್ನು. ಇಲ್ದಿದ್ರೆ ಚಿಕ್ಕಮ್ಮ ಹೇಳಲ್ಲ," ಎಂದಿತು.

ಒಂದು ಲವಂಗ ಕಟುಮ್ಮೆಂದು ಮುರಿದ ಸದ್ದು.

"ಹೂಂ," ಎಂದರು ಗಂಗುಲಪ್ಪನವರು.

ಯಂತ್ರದ ಒಳಗೆಲ್ಲೋ ಒಂದು ಕೊಂಡಿ ಕಳಚಿತು. ಅಲಮೇಲುವಿನ ಬೆರಳ ತುದಿಗೆ ಆ ಸದ್ದು ತಾಗಿತು. ಕೀಲಿ ಹಗುರಾಗಿತ್ತು.

"ಏಯ್... ನಾನು ಕಥೆಗೆ ಅಂದಿದ್ದು!" ಸ್ಪೀಕರಿನಲ್ಲಿ ಗಡಿಬಿಡಿ, ಸೆಲ್ವಿ ತಡೆಯಲಾರದೆ ನಕ್ಕದ್ದು. "ಅಲಮೇಲು, ನಾನು ಕಥೆಗೆ ಅಂದಿದ್ದಮ್ಮ!"

"ಗೊತ್ತು ಸಾರ್. ನಾನೂ ಕಥೆನೇ ಮುಗಿಸ್ತಿದ್ದೀನಿ."

ಬೇಡ ಎನ್ನಲು ಆಗಲೂ ಸಮಯವಿತ್ತು. ಕೀಲಿ ತಿರುಗುವ ತನಕ ಮುಖ್ಯಸ್ಥ ಮಾತು ಹಿಂತೆಗೆದುಕೊಳ್ಳಬಹುದಿತ್ತು. ಒಂದೇ ಒಂದು ಇಲ್ಲ ಅಂದರೆ ಸಾಕಾಗಿತ್ತು. ಆ ಮಾತು ಅವರು ಯಾವತ್ತೂ ಅಂದವರಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಂದ ದನಿ ಮುಖ್ಯಸ್ಥನದಾಗಿರಲಿಲ್ಲ. ಯಾವುದೋ ಕಂಬಳಿಯೊಳಗಿನಿಂದ ಬಂದ ಹಾಗಿತ್ತು.

"ಮುಚ್ಚಳ ತೆಗೆದಳಾ, ಇಲ್ವಾ?"

"ತೆಗೆದಳು ಸಾರ್," ಎಂದು ಅಲಮೇಲು ಕೀಲಿಯನ್ನು ಬಲಕ್ಕೆ ತಿರುಗಿಸಿದಳು.

ಸಲಾಕೆ ಎದ್ದಿತು. ರೇವತಿಯ ಕಾಲು ಮರಗಟ್ಟಿ ನಿಲ್ಲಲಾಗಲಿಲ್ಲ, ಬಚ್ಚಪ್ಪ ಬಂದು ಭುಜ ಕೊಟ್ಟ. ಕೇಜ್ ತನ್ನಷ್ಟಕ್ಕೆ ಇಳಿದು ಬಂದು ಬಾಯಿ ತೆರೆಯಿತು. ಅದರೊಳಗೆ ಒಬ್ಬರಿಗೆ, ಒಂದು ಮಗುವಿಗೆ ಮಾತ್ರ ಜಾಗ. ಅಕ್ಕತಂಗಿಯರಿಗೆ ಅದು ಆಗ ನಿಜವಾಗಿ ಕಂಡಿತು.

"ನೀನು?" ಎಂದಳು ರೇವತಿ.

"ನಾನು ಬಂದ್ರೆ ಕೀಲಿ ಯಾರಿಗೆ ಕೊಡ್ಲಿ ಅಕ್ಕ? ಹೋಗು. ಎಣ್ಣೆ ಹಚ್ಚಿದ್ದೀನಿ. ಮೇಲೆ ಎಳೆಬಿಸಿಲು ಕಂಡ ತಕ್ಷಣ ಮಗೂನ ಮಲಗಿಸು. ಬಿಸಿಲು ಏರೋಕೆ ಬಿಡಬೇಡ. ಮೈಮೇಲೆ ಬಿಸಿಲು ಬಿದ್ದ ಮೇಲೆ ಬಾವಿಯ ಬಾಯಲ್ಲಿರೋ ಗಂಟೆ ಹೊಡಿ, ನಂಗೆ ಕೇಳ್ಸುತ್ತೆ. ಅದಕ್ಕೂ ಮುಂಚೆ ಹೊಡೀಬೇಡ."

ರೇವತಿ ಬಾಯಿ ತೆರೆದಳು. ಅಷ್ಟು ಹೊತ್ತು ಕಟ್ಟಿಟ್ಟಿದ್ದ ಒಂದು "ಹೂಂ" ಅಳುವಿನ ಜೊತೆ ಸೇರಿ ಹೊರಬಂತು. ಕೇಜಿನ ಜಾಲರಿ ಮುಚ್ಚಿತು. ಜಾಲರಿಯ ಕಿಂಡಿಯಿಂದ ಚುಕ್ಕಿ ನಿಂಬೆಸಿಪ್ಪೆಯನ್ನು ಹೊರಗೆ ಚಾಚಿ, "ಚಿಕ್ಕಮ್ಮಾ, ಇಟ್ಕೋ," ಎಂದಿತು. ಕೇಜ್ ಏರಿತು. ಅದರ ದೀಪ ಬೋರೆಹಣ್ಣಿನಷ್ಟಾಯಿತು, ಹೆಸರುಕಾಳಿನಷ್ಟಾಯಿತು, ಆಮೇಲೆ ಕಾಣಲಿಲ್ಲ.

ಜನ ಕರಗಿದರು. ಯಂತ್ರದ ಮುಂದೆ ಸರದಿ ಮತ್ತೆ ನಿಂತಿತು, ಯಾರೋ ಹಿಡಿಕೆ ಎಳೆದರು, ಗಾಲಿಗಳು ತಿರುಗಿದವು. ಅಲಮೇಲು ಕೇಜಿನ ಬಾವಿಯ ಅಂಚಿನಲ್ಲಿ, ತಣ್ಣನೆ ಬಂಡೆಗೆ ಬೆನ್ನು ಕೊಟ್ಟು ಕೂತಳು. ಮೇಲೆ ಬಂಡೆ, ಪಕ್ಕದಲ್ಲಿ ಬಂಡೆ. ಅಂಗೈಯಲ್ಲಿ ಕೀಲಿ, ಕೀಲಿಯ ಜೊತೆ ಸಿಪ್ಪೆ. ಮೂಸಿದಳು. ಕಾದಳು. ಮೇಲೆ ತಲುಪಿರಬಹುದು, ಇಲ್ಲದೆಯೂ ಇರಬಹುದು. ಬಾಗಿಲು ತೆರೆದಿರಬಹುದು. ಮೋಡ ಮುಚ್ಚಿರಬಹುದು.

ಬಹಳ ಹೊತ್ತಿನ ಮೇಲೆ, ಬಾವಿಯ ಆಳಕ್ಕೆ ನೀರಿನ ಹನಿ ಬಿದ್ದ ಹಾಗೆ, ಮೇಲಿನಿಂದ ಗಂಟೆಯ ದನಿ ಇಳಿದು ಬಂತು.

ಅಲಮೇಲು ಕತ್ತಲಿಗೆ ಮುಖವೆತ್ತಿ, "ಹೂಂ ಅಜ್ಜಿ," ಎಂದಳು.